ಖಾಲಿಯಾಗದ ಡಬ್ಬಿ

ಬೆಳಗಿನ ಐದು ಗಂಟೆಗೆ ಆ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ದೀಪ ಹತ್ತುತ್ತಿದ್ದದ್ದು ಎರಡನೇ ಮಹಡಿಯ ಅಡುಗೆಮನೆಯಲ್ಲಿ. ಒಲೆಯ ಒಂದು ಉರಿಯ ಮೇಲೆ ಹಾಲು, ಇನ್ನೊಂದರ ಮೇಲೆ ಅನ್ನ. ಕಟ್ಟೆಯ ಮೇಲಿನ ಹಲಗೆಯಲ್ಲಿ ಸೂಜಿಯಕ್ಕ ಕ್ಯಾರೆಟ್ಟನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಒಂದೊಂದು ಬಿಲ್ಲೆಯನ್ನೂ ಸಣ್ಣ ಅಚ್ಚಿನಲ್ಲಿ ಒತ್ತಿ ನಕ್ಷತ್ರ ಮಾಡುತ್ತಿದ್ದಳು. ಅನ್ನ ಆರಿದ ಮೇಲೆ ಅದನ್ನು ಉಂಡೆ ಕಟ್ಟಿ ಮೊಲದ ಮುಖ ಮಾಡಬೇಕು. ಕಣ್ಣಿಗೆ ಒಣದ್ರಾಕ್ಷಿ, ಮೀಸೆಗೆ ಎಳೆಎಳೆಯಾಗಿ ಸೀಳಿದ ಬೀನ್ಸು. ಇಷ್ಟೆಲ್ಲ ಮುಗಿಸಿ, ತಾನು ಸ್ನಾನ ಮಾಡಿ, ಮಗಳನ್ನು ಎಬ್ಬಿಸಿ, ಹಲ್ಲುಜ್ಜಿಸಿ, ಆರೂವರೆಗೆ ಬಾಗಿಲಿಗೆ ಬೀಗ ಹಾಕಬೇಕು.

ಸೂಜಿಯಕ್ಕ ಎಂಬುದು ಆಸ್ಪತ್ರೆಯಲ್ಲಿ ಬಿದ್ದ ಹೆಸರು. ಅಲ್ಲಿನ ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುವುದು ಅವಳ ಕೆಲಸ. ಬೇರೆಯವರು ಮೂರು ಸಲ ಚುಚ್ಚಿ ಕೈಬಿಟ್ಟ ನರವೂ ಅವಳ ಬೆರಳಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ರಕ್ತ ತುಂಬಿದ ಕೊಳವೆಗೆ ಬಿಗಿಯಾಗಿ ಮುಚ್ಚಳ ಹಾಕಿ, ಹೆಸರಿನ ಚೀಟಿ ಅಂಟಿಸಿ, ಎರಡು ಸಲ ಓದಿ ನೋಡದೆ ಅವಳು ಕೆಳಗಿಡುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಏಳು ಗಂಟೆಗೇ ಬೆಳೆದಿರುತ್ತಿತ್ತು. ಗಂಡ ಬ್ರೆಡ್ ಫ್ಯಾಕ್ಟರಿಯ ವ್ಯಾನ್ ಓಡಿಸುವವನು. ಅಂಗಡಿಗಳು ಬಾಗಿಲು ತೆಗೆಯುವ ಮೊದಲೇ ಬ್ರೆಡ್ಡು ಮುಟ್ಟಬೇಕಾದ್ದರಿಂದ ಅವನು ನಾಲ್ಕಕ್ಕೇ ಮನೆ ಬಿಡುತ್ತಿದ್ದ. ಹೀಗಾಗಿ ಬೆಳಗಿನ ಯುದ್ಧಕ್ಕೆ ಅವಳೊಬ್ಬಳೇ ದಂಡನಾಯಕಿ, ಅವಳೊಬ್ಬಳೇ ಕಾಲಾಳು.

ಮಗಳಿಗೆ ಐದು ವರ್ಷ. ಹುಟ್ಟಿದಾಗ ಬಟ್ಟೆಯೊಳಗೆ ಉರುಟಾಗಿ ಮಡಚಿಕೊಂಡು ಮಲಗಿದ್ದವಳನ್ನು ನೋಡಿ ಅಪ್ಪ "ಅರೆ, ಬಟಾಣಿ ಕಾಳು!" ಅಂದಿದ್ದ. ಅಂದಿನಿಂದ ಅವಳು ಬಟಾಣಿಯೇ. ಆ ವರ್ಷವಷ್ಟೇ ಶಾಲೆ ಸೇರಿದ್ದಳು.

ಅಡುಗೆಮನೆಯ ಈ ಮೊಲ, ನಕ್ಷತ್ರಗಳ ಹುಚ್ಚು ಹಿಡಿಸಿದ್ದು ಎದುರುಮನೆಯ ಅವಳಿ ಮಕ್ಕಳ ತಾಯಿ. ಶಾಲೆಯ ತಾಯಂದಿರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಬೆಳಿಗ್ಗೆ ಏಳಾದರೆ ಅದರಲ್ಲಿ ಡಬ್ಬಿಗಳ ಫೋಟೊಗಳ ಮೆರವಣಿಗೆ ಶುರು. ಒಬ್ಬಳ ಡಬ್ಬಿಯಲ್ಲಿ ಹಡಗು, ಇನ್ನೊಬ್ಬಳದರಲ್ಲಿ ಕಾಮನಬಿಲ್ಲು. ಸೂಜಿಯಕ್ಕ ಮೊದಲ ವಾರ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟಿದ್ದಳು. ಒಂದು ಸಂಜೆ ಅವಳಿಗಳ ತಾಯಿ ಮೆಟ್ಟಿಲಲ್ಲಿ ಸಿಕ್ಕಿ, "ನಿಮಗೆಲ್ಲಿ ಟೈಮ್ ಇರುತ್ತೆ ಬಿಡಿ, ಪಾಪ," ಅಂದಿದ್ದಳು. ಆ 'ಪಾಪ' ಮುಳ್ಳಿನಂತೆ ಒಳಗೇ ಉಳಿಯಿತು. ಮರುದಿನವೇ ಅಚ್ಚುಗಳು ಬಂದವು, ಹೊಸ ಡಬ್ಬಿಯೂ ಬಂತು. ನಾಲ್ಕೂ ಕಡೆ ಕೊಂಡಿ, ಒಳಗೆ ರಬ್ಬರಿನ ಸುತ್ತು. ತಲೆಕೆಳಗು ಮಾಡಿದರೂ ಹನಿ ಸೋರದು. ಲ್ಯಾಬಿನ ಅಭ್ಯಾಸ ನೋಡಿ, ನಾಲ್ಕು ಸಲ 'ಟಕ್' ಎಂದು ಕೇಳಿಸಿದ ಮೇಲೇ ಅವಳಿಗೆ ಸಮಾಧಾನ.

ಆದರೆ ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ಚೀಲ ತೆಗೆದರೆ ಡಬ್ಬಿ ಹೋದ ಹಾಗೇ ಮರಳಿರುತ್ತಿತ್ತು. ಮೊಲದ ಮೀಸೆ ಬಾಡಿರುತ್ತಿತ್ತು, ಅಷ್ಟೆ.

"ಯಾಕೆ ತಿನ್ನಲಿಲ್ಲ?"

"ಹಸಿವಾಗಲಿಲ್ಲ ಅಮ್ಮ."

"ದಿನಾ ಹಸಿವಾಗಲ್ವಾ? ಬೆಳಿಗ್ಗೆ ಎದ್ದು ಕೈ ಬಾಯಿ ಸುಟ್ಕೊಂಡು ಮಾಡ್ತೀನಲ್ಲ, ಯಾರಿಗೋಸ್ಕರ? ಗೋಡೆಗಾ?"

ಬಟಾಣಿ ತಲೆ ತಗ್ಗಿಸಿ ಚೀಲದ ದಾರ ಸುತ್ತುತ್ತಿದ್ದಳು. ಸೂಜಿಯಕ್ಕ ಮೊದಮೊದಲು ಗದರಿದಳು, ಆಮೇಲೆ ರಮಿಸಿದಳು, ಬೊಂಬೆಯ ಆಸೆ ತೋರಿಸಿದಳು, ಒಂದು ದಿನ ಬೆನ್ನಿಗೆ ಒಂದು ಏಟನ್ನೂ ಕೊಟ್ಟು ಆಮೇಲೆ ಬಚ್ಚಲಿಗೆ ಹೋಗಿ ತಾನೇ ಅತ್ತಳು. ಯಾವುದಕ್ಕೂ ಡಬ್ಬಿ ಜಗ್ಗಲಿಲ್ಲ. ಆಶ್ಚರ್ಯವೆಂದರೆ ಮಗು ಸೊರಗಿರಲಿಲ್ಲ. ಆಸ್ಪತ್ರೆಯ ಮಕ್ಕಳ ಡಾಕ್ಟರು ತೂಕ ನೋಡಿ, "ಚೆನ್ನಾಗಿ ಊಟ ಮಾಡ್ತಾಳೆ ಅನ್ಸುತ್ತೆ," ಎಂದು ನಕ್ಕಾಗ ಸೂಜಿಯಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೇಗ ಬರುವ ಮಕ್ಕಳಿಗೆಂದು ಶಾಲೆಯಲ್ಲಿ ಒಂದು ಕೋಣೆ ಇತ್ತು. ಆರೂ ಮುಕ್ಕಾಲಿಗೆ ಅದರ ಬಾಗಿಲು ತೆಗೆಯುತ್ತಿದ್ದದ್ದು ಅಲ್ಲಿನ ಆಯಾ. ತರಗತಿ ಗುಡಿಸುವವಳು, ಬಚ್ಚಲು ತೊಳೆಯುವವಳು, ಬಿದ್ದ ಮಗುವಿನ ಮಂಡಿಗೆ ಮದ್ದು ಹಚ್ಚುವವಳು ಎಲ್ಲ ಅವಳೇ. ದಿನವೂ ಸೂಜಿಯಕ್ಕ ಮಗಳ ಕೈಯನ್ನು ಆ ಕೈಯಲ್ಲಿಟ್ಟು ಬಸ್ಸಿಗೆ ಓಡುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ನೀಲಿ ಮೇಲಂಗಿ. ಅದಕ್ಕಿಂತ ಹೆಚ್ಚು ಕೇಳಿದ್ದರೆ ಸೂಜಿಯಕ್ಕನಿಗೆ ಹೇಳಲು ಬರುತ್ತಿರಲಿಲ್ಲ. ಮುಖವನ್ನು ಸರಿಯಾಗಿ ನೋಡಿದ್ದರೆ ತಾನೇ?

ನಾಲ್ಕನೇ ತಿಂಗಳಿನ ಒಂದು ಸಂಜೆ ಬಟಾಣಿ ನೆಲದ ಮೇಲೆ ಕೂತು ಬೊಂಬೆಗೆ ಊಟ ಮಾಡಿಸುತ್ತಿದ್ದಳು. "ತಿನ್ನು ಕಂದ, ಒಂದು ತುತ್ತು. ಇದು ಆಲೂಗಡ್ಡೆ, ಬಿಸಿ ಇಲ್ಲ, ಊದಿದ್ದೀನಿ." ಆ ದನಿ ತನ್ನದಲ್ಲ ಎಂದು ಸೂಜಿಯಕ್ಕನಿಗೆ ಹೊಳೆಯಿತು. ತಾನು ಮಗಳಿಗೆ ಹಾಗೆ ನಿಧಾನವಾಗಿ ಉಣಿಸಿ ಎಷ್ಟು ದಿನವಾಯಿತೋ.

"ಯಾರೇ ಹಾಗೆ ಹೇಳ್ತಾರೆ?"

"ಆಯಮ್ಮ. ಆಯಮ್ಮನ ಆಲೂಗಡ್ಡೆ ತುಂಬಾ ಚೆನ್ನಾಗಿರುತ್ತೆ ಗೊತ್ತಾ? ದಿನಾ ನಂಗೆ ಕೊಡ್ತಾರೆ."

ಸೂಜಿಯಕ್ಕ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ನಾಲ್ಕು ತಿಂಗಳ ತುಂಬಿದ ಡಬ್ಬಿಗಳೆಲ್ಲ ಒಮ್ಮೆಗೇ ಕಣ್ಣೆದುರು ಸಾಲಾಗಿ ನಿಂತವು. ತಾನು ಮಾಡಿದ್ದನ್ನು ಬಿಟ್ಟು, ಬಚ್ಚಲು ತೊಳೆಯುವವಳ ಡಬ್ಬಿಯಿಂದ ತಿನ್ನುತ್ತಿದ್ದಾಳೆ! ಮೊದಲು ಬಂದದ್ದು ಅಸಹ್ಯ, ಅದರ ಹಿಂದೆಯೇ ಅವಮಾನ. ಎದುರುಮನೆಗೆ ಹೋಗಿ ಹೇಳಿಕೊಂಡಳು.

"ಅಯ್ಯೋ ದೇವ್ರೆ! ಬಚ್ಚಲು ತೊಳೆದ ಕೈಯಲ್ಲಾ?" ಅವಳಿಗಳ ತಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಇವತ್ತು ನಿಮ್ಮ ಮಗು, ನಾಳೆ ನನ್ನವು. ನೀವು ಅರ್ಜಿ ಬರೀರಿ, ಸಹಿ ಮಾಡಿಸೋ ಕೆಲಸ ನಂಗೆ ಬಿಡಿ."

ಆಯಾಳನ್ನು ಬದಲಿಸಬೇಕೆಂಬ ಅರ್ಜಿ ಆ ಸಂಜೆಯೇ ತಯಾರಾಯಿತು. ಗಂಡ ಅದನ್ನು ಓದಿ, ಮಡಚಿ, ಮೇಜಿನ ಮೇಲಿಟ್ಟ.

"ಒಂದು ಮಾತು ಆಯಮ್ಮನ್ನ ಕೇಳಿದ್ಯಾ?"

"ಕೇಳೋದೇನು ರೀ? ಮಗೂನೇ ಹೇಳಿದ್ಲಲ್ಲ."

"ಮಗು ಆಲೂಗಡ್ಡೆ ಚೆನ್ನಾಗಿರುತ್ತೆ ಅಂತ ಹೇಳ್ತು. ನೀನು ಬರ್ದಿರೋದೇ ಬೇರೆ. ಬಟಾಣಿ ಹುಟ್ಟಿದ ವರ್ಷ ಇದೇ ಎದುರುಮನೆ ಅಜ್ಜಿ ನಿನ್ನ ಕೈಯಿಂದ ನೀರಿನ ಲೋಟ ತಗೊಳ್ಳದೆ, 'ರಕ್ತ ಮುಟ್ಟೋ ಕೈ' ಅಂದಿದ್ರು. ಎರಡು ದಿನ ಊಟ ಬಿಟ್ಟಿದ್ದೆ ನೀನು."

"ಅದೂ ಇದೂ ಒಂದೇನಾ?" ಎಂದು ಸೂಜಿಯಕ್ಕ ರೇಗಿದಳು. "ನಾನು ಕೈಗವಸು ಹಾಕ್ತೀನಿ, ಸಾವಿರ ಸಲ ಕೈ ತೊಳೀತೀನಿ."

"ಅವ್ರು ತೊಳಿಯಲ್ಲ ಅಂತ ನಿಂಗ್ಯಾರು ಹೇಳಿದ್ದು?" ಅಂದು ಅವನು ಬಟ್ಟೆ ಬದಲಿಸಲು ಎದ್ದುಹೋದ. ಮಾತು ಬೆಳೆಸುವುದು ಅವನ ಸ್ವಭಾವವಲ್ಲ. ಸೂಜಿಯಕ್ಕ ಅರ್ಜಿಯನ್ನು ಮತ್ತೊಮ್ಮೆ ಓದಲಿಲ್ಲ. ಓದಿದ್ದರೆ ಕೊಡಲಾಗುತ್ತಿರಲಿಲ್ಲವೇನೋ.

ಒಂಬತ್ತು ತಾಯಂದಿರ ಸಹಿ ಬಿದ್ದ ಆ ಕಾಗದ ಮರುದಿನ ಶಾಲೆ ಮುಟ್ಟಿತು. ಮೂರನೇ ದಿನ ಹೆಡ್ ಮೇಡಂ ಕರೆ ಮಾಡಿ ಮಧ್ಯಾಹ್ನ ಬರಲು ಹೇಳಿದರು. ಸೂಜಿಯಕ್ಕ ಲ್ಯಾಬಿನಲ್ಲಿ ಎರಡು ತಾಸು ರಜೆ ಕೇಳಿಕೊಂಡು ಹೋದಳು.

ಹೆಡ್ ಮೇಡಂ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಆಯಾ ಗೋಡೆಗೆ ಒತ್ತಿ ನಿಂತಿದ್ದಳು. ಕುರ್ಚಿ ಇತ್ತು, ಅವಳು ಕೂತಿರಲಿಲ್ಲ. ಪಕ್ಕದಲ್ಲಿ ಬಟಾಣಿ, ಹೆಗಲಿಗೆ ಚೀಲ. ಅಮ್ಮನನ್ನು ಕಂಡರೂ ಓಡಿ ಬರಲಿಲ್ಲ. ತಾನೇನೋ ತಪ್ಪು ಮಾಡಿದ್ದೇನೆ ಎಂದು ಅವಳಿಗೆ ಅನಿಸಿತ್ತು.

"ಹೇಳಮ್ಮ," ಅಂದರು ಹೆಡ್ ಮೇಡಂ ಆಯಾಗೆ. "ಮಗುಗೆ ನಿನ್ನ ಊಟ ಕೊಟ್ಟಿದ್ದು ನಿಜಾನಾ?"

"ನಿಜ ಮೇಡಂ. ದಿನಾ ಕೊಡ್ತಿದ್ದೆ."

"ನೋಡಿ!" ಎಂದಳು ಸೂಜಿಯಕ್ಕ. "ಯಾರನ್ನ ಕೇಳಿ ಕೊಟ್ಟೆ ನೀನು? ನಾನು ನನ್ನ ಮಗುಗೆ ಊಟ ಕಳಿಸಲ್ವಾ?"

ಆಯಾ ಮೊದಲ ಸಲ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಕಳಿಸ್ತೀರಾ ಅಮ್ಮ? ನಂಗೆ ಗೊತ್ತಿರ್ಲಿಲ್ಲ. ಆರೂ ಮುಕ್ಕಾಲಿಗೆ ಮಗು ಬಿಟ್ಟು ಓಡ್ತೀರಲ್ಲ, ಪಾಪ ಅಡುಗೆಗೆ ಎಲ್ಲಿ ಹೊತ್ತು ಅಂದ್ಕೊಂಡಿದ್ದೆ. ಮಕ್ಕಳೆಲ್ಲ ಊಟ ಮುಗಿಸಿ ಆಡೋಕೆ ಹೋದ್ಮೇಲೆ ನಾನು ನಲ್ಲಿ ಹತ್ರ ಕೂತು ನನ್ನ ಡಬ್ಬಿ ತೆಗೀತೀನಿ. ಇವಳು ಬಂದು ದೂರ ನಿಂತ್ಕೊಳ್ಳೋಳು. ಊಟ ಆಯ್ತಾ ಪುಟ್ಟಾ ಅಂದ್ರೆ ಆಯ್ತು ಅನ್ನೋಳು, ಕಣ್ಣು ಮಾತ್ರ ನನ್ನ ಆಲೂಗಡ್ಡೆ ಮೇಲೆ. ಹಸಿದ ಮಗು ಮುಖ ನಂಗೆ ಗೊತ್ತಾಗಲ್ವಾ? ಡಬ್ಬಿ ಖಾಲಿ ಕಳಿಸ್ತಾರೇನೋ, ಕೇಳಿದ್ರೆ ನಿಮಗೆ ನಾಚಿಕೆಯಾಗುತ್ತೆ ಅಂತ ಸುಮ್ನಿದ್ದೆ. ಮಗು ಕೈ ಸೋಪು ಹಾಕಿ ತೊಳೆಸಿ, ನಾನೂ ತೊಳ್ಕೊಂಡು, ಅರ್ಧ ಅವಳಿಗೆ, ಅರ್ಧ ನಂಗೆ. ಅಷ್ಟೇ ಅಮ್ಮ."

ಖಾಲಿ ಡಬ್ಬಿ! ಸೂಜಿಯಕ್ಕ ಮಗಳ ಚೀಲಕ್ಕೆ ಕೈ ಹಾಕಿ ಡಬ್ಬಿಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು. "ಖಾಲಿ ಇದೆಯಾ ಇದು? ಮೇಡಂ, ನೀವೇ ನೋಡಿ. ಐದು ಗಂಟೆಗೆ ಎದ್ದು ಮಾಡಿದ್ದು."

ಹೆಡ್ ಮೇಡಂ ಡಬ್ಬಿಯತ್ತ ನೋಡಿದರು, ಮಗುವಿನತ್ತ ನೋಡಿದರು. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವರು. ಡಬ್ಬಿಯನ್ನು ಮೆಲ್ಲಗೆ ಬಟಾಣಿಯ ಮುಂದೆ ಸರಿಸಿದರು. "ಪುಟ್ಟಿ, ಒಳಗೇನಿದೆ ನಂಗೆ ತೆಗೆದು ತೋರಿಸ್ತೀಯಾ?"

ಬಟಾಣಿ ಎರಡೂ ಕೈಯಲ್ಲಿ ಡಬ್ಬಿ ಹಿಡಿದಳು. ಹೆಬ್ಬೆರಳನ್ನು ಕೊಂಡಿಯ ಕೆಳಗೆ ತೂರಿಸಿ ಎತ್ತಿದಳು. ಕೊಂಡಿ ಅಲುಗಲಿಲ್ಲ. ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು, ತುಟಿ ಕಚ್ಚಿ, ಇನ್ನೊಂದು ಬದಿಯಿಂದ ಎತ್ತಿದಳು. ಉಗುರಿನ ತುದಿ ಬೆಳ್ಳಗಾಯಿತು. ಆಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.



"ಮಿಸ್‌ಗೆ ಹೇಳ್ಬೇಕಿತ್ತಲ್ವಾ ಕಂದ?" ಎಂದರು ಹೆಡ್ ಮೇಡಂ.

"ಮಿಸ್‌ಗೆ ಹೇಳಿದ್ರೆ ಎಲ್ಲಾರೂ ಪಾಪು ಅಂತ ನಗ್ತಾರೆ. ಈಗ ನಾನು ದೊಡ್ಡೋಳು. ಎಲ್ಲಾ ನಾನೇ ಮಾಡ್ಕೋಬೇಕು ಅಂತ ಅಮ್ಮ ಹೇಳಿದ್ದಾಳೆ."

"ನಂಗೆ?" ಸೂಜಿಯಕ್ಕ ಮಗಳತ್ತ ಬಾಗಿದಳು. "ನಂಗೆ ಯಾಕೆ ಹೇಳಲಿಲ್ಲ ಬಟಾಣಿ?"

"ನೀನು ಕಷ್ಟಪಟ್ಟು ಹುಡುಕಿ ತಂದಿರೋ ಡಬ್ಬಿ ಅಲ್ವಾ. ಬೇಜಾರ್ ಮಾಡ್ಕೋತೀಯ."

ಸೂಜಿಯಕ್ಕ ಅಲ್ಲೇ ನೆಲದ ಮೇಲೆ ಮಂಡಿಯೂರಿ ಕೂತು ಮಗಳನ್ನು ಎಳೆದುಕೊಂಡಳು. ಹೋದ ವಾರ ಹೊಡೆದ ಜಾಗದ ಮೇಲೆ ಕೈ ಸವರಿದಳು. ಸಾವಿರಾರು ಅಪರಿಚಿತರ ನರಗಳನ್ನು ಹುಡುಕಿ ಹಿಡಿದ ಬೆರಳು ಸ್ವಂತ ಮಗಳ ಬೆರಳಿನ ಬಲ ಎಷ್ಟೆಂದು ಒಮ್ಮೆಯೂ ನೋಡಿರಲಿಲ್ಲ. ಮಗು ಸೊರಗದೆ ಉಳಿದದ್ದು ಯಾರ ಋಣದಿಂದ ಎಂಬುದು ಅವಳಿಗೆ ಆಗ ತಿಳಿಯಿತು. ನಾಲ್ಕು ತಿಂಗಳು ಒಬ್ಬ ಹೆಂಗಸು ಅರ್ಧ ಹೊಟ್ಟೆಯಲ್ಲಿ ಇಡೀ ಶಾಲೆ ಗುಡಿಸಿದ್ದಳು.

ಅವಳು ಎದ್ದು ಆಯಮ್ಮನ ಮುಂದೆ ನಿಂತಳು. ಅಗಲವಾದ ಹಣೆ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ಬಿಳಿಯಾಗುತ್ತಿರುವ ಕೂದಲು. ದಿನವೂ ನೋಡಿದ ಮುಖ ಈಗ ಕಂಡಿತು.

"ನೀವು ನನ್ನ ಮಗುನ ಸಾಕಿದ್ದೀರಿ," ಅಂದಳು. "ನಾನು ನಿಮ್ಮ ಮೇಲೆ ಅರ್ಜಿ ಬರ್ದೆ."

"ಬಿಡಿ ಅಮ್ಮ," ಅಂದರು ಆಯಮ್ಮ. "ಮಗು ವಿಷಯ ಅಂದ್ರೆ ತಾಯಿಗೆ ಹೆದರಿಕೆ ಇದ್ದೇ ಇರುತ್ತೆ. ನಾನೂ ಒಂದು ಮಾತು ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ."

ಸೂಜಿಯಕ್ಕ ಅರ್ಜಿಯನ್ನು ವಾಪಸು ಕೇಳಿದಳು. ಹೆಡ್ ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನಿಮ್ಮೊಬ್ಬರದಾದ್ರೆ ಈಗ್ಲೇ ಹರಿದು ಹಾಕ್ತಿದ್ದೆ. ಒಂಬತ್ತು ಸಹಿ ಇದೆ. ಆಡಳಿತದವರ ಕೈಗೂ ಹೋಗಿದೆ. ಸೋಮವಾರದಿಂದ ಬೇರೆ ಆಯಾ ಗೊತ್ತು ಮಾಡಿ ಅಂತಿದ್ದಾರೆ. ಶನಿವಾರ ಪೋಷಕರ ಸಭೆ ಇದೆ. ಹೇಳೋದಿದ್ರೆ ಅಲ್ಲಿ ಹೇಳಿ."

ಬರೆಯುವುದು ಸುಲಭವಿತ್ತು, ಅಳಿಸುವುದು ಅಷ್ಟು ಸುಲಭವಿರಲಿಲ್ಲ. ಆ ಎರಡು ದಿನ ಸೂಜಿಯಕ್ಕ ಸಹಿ ಹಾಕಿದ ಒಬ್ಬೊಬ್ಬರ ಮನೆಗೂ ಹೋದಳು. ಕೆಲವರು ಕೇಳಿ ಕಣ್ಣು ಒರೆಸಿಕೊಂಡರು, ಕೆಲವರು "ಸಭೇಲಿ ನೋಡೋಣ" ಎಂದು ಬಾಗಿಲು ಮುಂದೆ ಮಾಡಿದರು. ಗಂಡ ಒಂದು ಮಾತೂ ಚುಚ್ಚಲಿಲ್ಲ. ಶನಿವಾರ ಕೆಲಸ ಬೇಗ ಮುಗಿಸಿ ಬಂದು, ಬ್ರೆಡ್ಡಿನ ವ್ಯಾನಿನಲ್ಲೇ ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಶಾಲೆಗೆ ಹೊರಟ. ಅದಕ್ಕೆ ಅವಳು ಮನಸ್ಸಿನಲ್ಲೇ ನೂರು ಸಲ ಕೈ ಮುಗಿದಳು.

ಸಭೆಯಲ್ಲಿ ಸೂಜಿಯಕ್ಕ ಎದ್ದು ನಿಂತಳು. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಫೋನಿನಲ್ಲಿ ಹಾಕಲೆಂದು ಮೊಲ ಮಾಡಿದ್ದು, ಮಗುವಿನ ಕೈಗೆ ಬಾರದ ಡಬ್ಬಿ ತಂದದ್ದು, ಕೇಳದೆ ಹೊಡೆದದ್ದು, ಎಲ್ಲವನ್ನೂ. ಯಾವುದಕ್ಕೂ ತೇಪೆ ಹಾಕಲಿಲ್ಲ.

ಅವಳಿಗಳ ತಾಯಿ ಎದ್ದಳು. "ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ನನ್ನ ಮಕ್ಕಳು ಹುಟ್ಟಿದಾಗ ಅಂಗೈಯಷ್ಟಿದ್ವು, ಒಂದು ತಿಂಗಳು ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ಇವತ್ತಿಗೂ ಅವಕ್ಕೆ ಒಂಚೂರು ಹೊಟ್ಟೆ ಕೆಟ್ರೆ ನಂಗೆ ಜೀವ ಬಾಯಿಗೆ ಬರುತ್ತೆ. ಸ್ವಚ್ಛತೆ ಕೇಳೋದು ತಪ್ಪಾ?"

"ತಪ್ಪಲ್ಲ," ಎಂದಳು ಸೂಜಿಯಕ್ಕ. ಗಾಜಿನ ಪೆಟ್ಟಿಗೆಯ ಮಾತು ಅವಳಿಗೆ ಇದುವರೆಗೆ ಗೊತ್ತಿರಲಿಲ್ಲ. "ಸ್ವಚ್ಛತೆ ಕೇಳೋಣ. ಟೀಚರನ್ನ, ಆಯಮ್ಮನ್ನ, ನಮ್ಮನ್ನ, ಎಲ್ಲರನ್ನೂ ಕೇಳೋಣ. ಊಟದ ಕೋಣೇಲಿ ಇರೋರೆಲ್ಲ ಆರೋಗ್ಯ ಪರೀಕ್ಷೆ ಮಾಡಿಸ್ಲಿ, ಲ್ಯಾಬಲ್ಲಿ ನಾನೇ ನಿಂತು ಮಾಡಿಸ್ತೀನಿ. ಆದ್ರೆ ನಿಜ ಹೇಳ್ತೀನಿ, ನಾನು ಅರ್ಜಿ ಬರ್ದಾಗ ನನ್ನ ತಲೇಲಿ ಇದ್ದದ್ದು ಸ್ವಚ್ಛತೆ ಅಲ್ಲ. ಅವರು ಕೈ ತೊಳ್ಕೋತಾರಾ ಇಲ್ವಾ ಅಂತ ನಾನು ಯಾರನ್ನೂ ಕೇಳಲೇ ಇಲ್ಲ. ಅವರ ಕೆಲಸ ನೋಡಿಯೇ ಕೈ ಕೊಳಕು ಅಂದ್ಬಿಟ್ಟೆ."

ಹೆಡ್ ಮೇಡಂ ಕಾಗದವನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಪೆನ್ನು ಇಟ್ಟರು. ಒಬ್ಬೊಬ್ಬರೇ ಬಂದು ತಮ್ಮ ಹೆಸರಿನ ಮೇಲೆ ಗೆರೆ ಎಳೆದರು. ಸೂಜಿಯಕ್ಕನದು ಸೇರಿ ಏಳು ಗೆರೆಗಳು. ಅವಳಿಗಳ ತಾಯಿಯೂ ಇನ್ನೊಬ್ಬಳೂ ಬರಲಿಲ್ಲ. ಏಳು ಸಾಕಾಯಿತು. ಆಯಮ್ಮ ಉಳಿದರು. ಅಷ್ಟೇ ಅಲ್ಲ, ಊಟದ ಹೊತ್ತಿನಲ್ಲಿ ಪುಟ್ಟ ಮಕ್ಕಳ ಕೋಣೆಯ ಹೊಣೆಯನ್ನು ಅವರಿಗೇ ಕೊಟ್ಟರು. ಬಚ್ಚಲು ತೊಳೆಯಲು ಬೇರೆ ಸರದಿ ಮಾಡಿದರು. ಪರೀಕ್ಷೆ ಮಾಡಿಸಿಕೊಳ್ಳುವವರ ಪಟ್ಟಿಯಲ್ಲಿ ಹೆಡ್ ಮೇಡಂ ಮೊದಲು ತಮ್ಮ ಹೆಸರನ್ನೇ ಬರೆದರು.

ಸೋಮವಾರ ಬೆಳಿಗ್ಗೆ ಸೂಜಿಯಕ್ಕ ಒಂದು ಬಸ್ಸು ಮುಂಚೆಯೇ ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತಳು. "ಆಯಮ್ಮ, ಏನು ಕಟ್ಟಿಕೊಡ್ಲಿ ಇವಳಿಗೆ? ನೀವೇ ಹೇಳಿ."

ಆಯಮ್ಮ ನಕ್ಕರು. "ನನ್ನನ್ನ ಕೇಳ್ತೀರಾ? ನಾನೇನು ಓದಿದೋಳಾ?"

"ನಿಮ್ಮಷ್ಟು ಡಬ್ಬಿ ನೋಡಿದೋರು ಯಾರಿದ್ದಾರೆ?"

"ಅದು ಸರಿ." ಆಯಮ್ಮ ಪೊರಕೆ ಬದಿಗಿಟ್ಟು ಪಕ್ಕದಲ್ಲಿ ಕೂತರು. "ಹನ್ನೊಂದು ವರ್ಷದಿಂದ ಕಸದ ಬುಟ್ಟಿ ಖಾಲಿ ಮಾಡೋಳು ನಾನು. ಮಕ್ಕಳು ತಿಂದಿದ್ದು ಯಾರಿಗೂ ಕಾಣಲ್ಲ. ಬಿಟ್ಟಿದ್ದು ನಂಗೆ ಕಾಣುತ್ತೆ. ಇಡೀ ಸೇಬು ಕಳಿಸ್ತಾರೆ, ಒಂದು ಕಡಿತ ಕಡಿದು ಎಸೀತಾವೆ. ಅದನ್ನೇ ಸೀಳಿ ಕಳಿಸಿದ್ರೆ ಒಂದು ಚೂರೂ ಉಳಿಯಲ್ಲ. ಮಕ್ಕಳಿಗೆ ತಿನ್ನೋಕೆ ಸಿಗೋದು ಇಪ್ಪತ್ತು ನಿಮಿಷ. ಅದ್ರಲ್ಲಿ ಹತ್ತು ನಿಮಿಷ ಮಾತು. ಕಲಸಿಕೊಂಡು, ಚಮಚ ಹುಡುಕಿಕೊಂಡು ತಿನ್ನೋದು ಬೇಡ. ಕೈಯಲ್ಲಿ ಎತ್ತಿದ್ರೆ ಒಂದೇ ಬಾಯಿಗೆ ಹೋಗ್ಬೇಕು. ಬೇಯಿಸಿದ ಆಲೂಗಡ್ಡೆ ತುಂಡು, ಮೊಟ್ಟೆ ಅರ್ಧ, ಬ್ರೆಡ್ಡಿಗೆ ಬೆಣ್ಣೆ ಸವರಿ ನಾಲ್ಕು ಮಾಡಿ. ಜೊತೆಗೊಂದು ಹಣ್ಣು. ನೀವು ಕಟ್ಟೋದ್ರಲ್ಲಿ ಅರ್ಧ ಕಟ್ಟಿ. ಖಾಲಿ ಮಾಡಿದೆ ಅಂತ ಮಗುಗೂ ಖುಷಿ. ಇನ್ನೂ ಬೇಕಾದ್ರೆ ಕೇಳುತ್ತೆ."

"ಇಷ್ಟೇನಾ?"

"ಇಷ್ಟೇ. ಇನ್ನೊಂದು, ಸಂಜೇನೇ ಹೆಚ್ಚಿ, ಬೇಯಿಸಿ ತಣ್ಣಗೆ ಫ್ರಿಜ್ಜಲ್ಲಿ ಇಟ್ಬಿಡಿ. ಅವಳನ್ನೂ ಕೂರಿಸ್ಕೊಳ್ಳಿ. ನಾಳೆ ಇದು ಬೇಕಾ ಅದು ಬೇಕಾ ಅಂತ ಕೇಳಿ. ತಾನೇ ಆರಿಸಿದ್ದನ್ನ ಮಕ್ಕಳು ಬಿಡಲ್ಲ."

ಆ ಸಂಜೆ ಅಂಗಡಿಯಲ್ಲಿ ಬಟಾಣಿ ಎಂಟು ಡಬ್ಬಿಗಳನ್ನು ತೆಗೆದು ಮುಚ್ಚಿ ನೋಡಿ, ಸಾಧಾರಣವಾದ ಒಂದು ಹಳದಿ ಡಬ್ಬಿಯನ್ನು ಆರಿಸಿದಳು. ಅಂಗಡಿಯವನು "ಇದು ಸೋರುತ್ತೆ ನೋಡಿ ಮೇಡಂ" ಎಂದ. "ಸೋರೋದೇನೂ ಹಾಕಲ್ಲಪ್ಪ, ಕೊಡು," ಎಂದಳು ಸೂಜಿಯಕ್ಕ.

ಈಗ ಅಡುಗೆಮನೆಯ ದೀಪ ಐದೂ ಮುಕ್ಕಾಲಿಗೆ ಹತ್ತುತ್ತಿತ್ತು. ಡಬ್ಬಿಗೆ ಹತ್ತು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ತಾಯಿಮಗಳು ಕಿಟಕಿಯ ಬಳಿ ಕೂತು ಒಬ್ಬಳು ಹಾಲು, ಒಬ್ಬಳು ಕಾಫಿ ಕುಡಿಯುತ್ತಿದ್ದರು. ಬಟಾಣಿ ಎಡೆಬಿಡದೆ ಮಾತಾಡುತ್ತಿದ್ದಳು. ಮಿಸ್‌ನ ಹೊಸ ಚಪ್ಪಲಿ, ಗೆಳತಿಯ ಬಿದ್ದ ಹಲ್ಲು, ತೋಟದಲ್ಲಿ ಸಿಕ್ಕ ಹುಳ. ಇಷ್ಟೊಂದು ಮಾತು ಈ ಪುಟ್ಟ ಹೊಟ್ಟೆಯಲ್ಲಿ ಎಲ್ಲಿ ಕೂತಿತ್ತೋ ಎಂದು ಸೂಜಿಯಕ್ಕನಿಗೆ ಸೋಜಿಗ. ಈ ಹತ್ತಿಪ್ಪತ್ತು ನಿಮಿಷಗಳನ್ನು ತನಗೆ ಕೊಟ್ಟವರು ಯಾರೆಂದು ಅವಳು ಒಂದು ದಿನವೂ ಮರೆಯಲಿಲ್ಲ. ತಾಯಂದಿರ ಗುಂಪಿನಲ್ಲಿ ಡಬ್ಬಿಗಳ ಮೆರವಣಿಗೆ ಪೂರ್ತಿ ನಿಲ್ಲಲಿಲ್ಲ. ಆದರೆ ಒಮ್ಮೆ ಅವಳಿಗಳ ತಾಯಿ ಮೆಟ್ಟಿಲಲ್ಲಿ ನಿಲ್ಲಿಸಿ, ಅತ್ತಿತ್ತ ನೋಡಿ, "ಮೊಟ್ಟೆ ಹಿಂದಿನ ದಿನವೇ ಬೇಯಿಸಿಟ್ರೆ ಕೆಡಲ್ವಾ?" ಎಂದು ಕೇಳಿದಳು. "ಸಿಪ್ಪೆ ಸಮೇತ ಫ್ರಿಜ್ಜಲ್ಲಿಟ್ರೆ ಏನೂ ಆಗಲ್ಲ," ಎಂದಳು ಸೂಜಿಯಕ್ಕ.

ಮುಂದಿನ ತಿಂಗಳು ಶಾಲೆಯವರ ಪರೀಕ್ಷೆಗೆ ದಿನ ಗೊತ್ತಾಯಿತು. ಆಸ್ಪತ್ರೆಯ ಸಾಲಿನಲ್ಲಿ ಹೆಡ್ ಮೇಡಂ, ನಾಲ್ವರು ಟೀಚರು, ಕಾವಲುಗಾರ, ಕೊನೆಯಲ್ಲಿ ಆಯಮ್ಮ. ನೀಲಿ ಮೇಲಂಗಿ ಇಲ್ಲದೆ ಅವರು ಬೇರೆಯೇ ಯಾರೋ ಎಂಬಂತೆ ಕಾಣುತ್ತಿದ್ದರು. ಕುರ್ಚಿಯ ಮೇಲೆ ಕೂತವರೇ ಕಣ್ಣು ಬಿಗಿಯಾಗಿ ಮುಚ್ಚಿದರು.

"ನಂಗೆ ಸೂಜಿ ಅಂದ್ರೆ ಬಲು ಭಯ ಅಮ್ಮ. ಮಕ್ಕಳಿಗೆಲ್ಲ ಧೈರ್ಯ ಹೇಳೋಳು ನಾನೇ, ನೋಡಿ."

"ಭಯ ಇದ್ರೆ ಇರ್ಲಿ. ಮನೇಲಿ ಯಾರ್ಯಾರಿದ್ದಾರೆ ಹೇಳಿ."

"ಮಗ ಇದ್ದ. ಈಗ ಸೊಸೆ, ಮೊಮ್ಮಗ. ಸೊಸೇನೂ ಬೆಳಿಗ್ಗೇನೇ ಕೆಲಸಕ್ಕೆ..." ಎನ್ನುತ್ತಿದ್ದಂತೆಯೇ ಸೂಜಿಯಕ್ಕ ಹತ್ತಿಯನ್ನು ಒತ್ತಿ ಹಿಡಿದಿದ್ದಳು. "ಆಯ್ತು, ಕಣ್ಣು ಬಿಡಿ."

"ಆಯ್ತಾ! ಗೊತ್ತೇ ಆಗಲಿಲ್ಲ." ಆಯಮ್ಮ ತೋಳು ನೋಡಿಕೊಂಡು ಎದ್ದರು, ಎದ್ದವರು ಕುರ್ಚಿಯ ಹಿಡಿ ಹಿಡಿದುಕೊಂಡರು. ಪರೀಕ್ಷೆಗೆಂದು ಹಿಂದಿನ ಸಂಜೆಯಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇಲ್ಲಿಂದ ನೇರ ಶಾಲೆಗೆ ಹೋಗಬೇಕು, ಊಟದ ಹೊತ್ತಿಗೆ ಇನ್ನೂ ಮೂರು ತಾಸು.

ಸೂಜಿಯಕ್ಕ ಕೈಗವಸು ಕಳಚಿ, ಕೈ ತೊಳೆದು, ಆಯಮ್ಮನ ತೋಳು ಹಿಡಿದು ಪಕ್ಕದ ಸಿಬ್ಬಂದಿ ಕೋಣೆಗೆ ಕರೆದೊಯ್ದಳು. ತನ್ನ ಚೀಲದಿಂದ ತಿಂಡಿ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ನಾಲ್ಕು ಚೂರು ಬ್ರೆಡ್ಡು, ಮೊಟ್ಟೆ, ಒಂದು ಬಾಳೆಹಣ್ಣು.

"ತಿನ್ನಿ."

"ಇದು ನಿಮ್ಮದಲ್ವಾ? ನೀವು ಏನು ತಿಂತೀರಿ?"

"ಆಮೇಲೆ ನೋಡ್ಕೋತೀನಿ. ಮೊದ್ಲು ನೀವು ತಿನ್ನಿ."

"ಅದೆಲ್ಲಾ ಆಗಲ್ಲ, ಕೂತ್ಕೊಳ್ಳಿ." ಆಯಮ್ಮ ಸಿಂಕಿನಲ್ಲಿ ಕೈ ತೊಳೆದು ಬಂದು ಮೊಟ್ಟೆಯನ್ನು ಎರಡು ಭಾಗ ಮಾಡಿದರು. ಒಂದು ಭಾಗವನ್ನು ಬ್ರೆಡ್ಡಿನ ಚೂರಿನ ಮೇಲಿಟ್ಟು ಸೂಜಿಯಕ್ಕನತ್ತ ಚಾಚಿದರು.

ಸೂಜಿಯಕ್ಕ ಅದನ್ನು ಅವರ ಕೈಯಿಂದಲೇ ತೆಗೆದುಕೊಂಡು ಬಾಯಿಗಿಟ್ಟಳು. ಬಾಗಿಲ ಸಂದಿಯಿಂದ ಇಣುಕಿದ ಸಹಾಯಕಿ, "ಸೂಜಿಯಕ್ಕ, ಹೊರಗೆ ಇನ್ನೂ ಆರು ಜನ ಕಾಯ್ತಿದ್ದಾರೆ," ಎಂದಳು.

ಸೂಜಿಯಕ್ಕನ ಬಾಯಿ ತುಂಬಿತ್ತು. ಐದು ಬೆರಳು ಎತ್ತಿ ತೋರಿಸಿದಳು.

"ಐದು ನಿಮಿಷ ಅಂತೆ ಕಣಮ್ಮ," ಎಂದರು ಆಯಮ್ಮ ಅವಳ ಪರವಾಗಿ, ಬಾಳೆಹಣ್ಣು ಸುಲಿಯುತ್ತಾ.